ಗೌಜಲ ಗೂಡಿನ ಜಗಳಕ್ಕೆ ಮೊದಲ ಮದ್ದು: ಗಂಡುಗಳನ್ನು ಕಡಿಮೆ ಮಾಡಿ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಮನೆ ಹಿಂದೆ ಹತ್ತಿಪ್ಪತ್ತು ಗೌಜಲ ಹಕ್ಕಿ (ಜಪಾನಿ ಕ್ವೇಲ್) ಸಾಕುವವರ ದೂರು ಒಂದೇ: ಆರನೇ ವಾರದವರೆಗೆ ಸುಮ್ಮನಿದ್ದವು, ಈಗ ಒಂದರ ತಲೆ ಒಂದು ಕುಕ್ಕಿ ರಕ್ತ ಬರಿಸುತ್ತಿವೆ. ಕಾರಣ ಸರಳ. ಮರಿಗಳನ್ನು ವಿಂಗಡಿಸದೆ ಕೊಡುತ್ತಾರೆ, 20 ತಂದರೆ ಸುಮಾರು 10 ಗಂಡು. 6-7 ವಾರಕ್ಕೆ ಅವೆಲ್ಲ ಪ್ರಾಯಕ್ಕೆ ಬರುತ್ತವೆ.

ಅಷ್ಟರವರೆಗೆ ಕಾಯಬಾರದು. ಮಾಮೂಲಿ ಕಂದು ಬಣ್ಣದ ತಳಿಯಲ್ಲಿ 3-4 ವಾರಕ್ಕೇ ಎದೆ ನೋಡಿ ಹೇಳಬಹುದು: ಚುಕ್ಕಿಯಿಲ್ಲದ ಕೆಂಗಂದು ಎದೆ ಗಂಡು, ಕಪ್ಪು ಚುಕ್ಕಿಯ ಮಾಸಲು ಎದೆ ಹೆಣ್ಣು. ಬಿಳಿ ತಳಿಯಲ್ಲಿ ಈ ಗುರುತು ಸಿಗದು. ಪ್ರಾಯದ ಗಂಡಿಗೆ ಗುದದ ಮೇಲ್ಗಡೆ ಉಬ್ಬಿದ ಗ್ರಂಥಿ ಇರುತ್ತದೆ, ಮೆಲ್ಲಗೆ ಒತ್ತಿದರೆ ಬಿಳಿ ನೊರೆ ಬರುತ್ತದೆ.

ತಿನ್ನುವ ಮೊಟ್ಟೆಗೆ ಗಂಡೇ ಬೇಡ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಮರಿ ಮಾಡಿಸುವುದಿದ್ದರೆ ಒಂದು ಗಂಡಿಗೆ 4 ಹೆಣ್ಣು ಇಡಿ. ದೊಡ್ಡ ಫಾರಂಗಳಲ್ಲಿ 2-3 ಹೆಣ್ಣಿಗೆ ಒಂದು ಗಂಡು ಬಿಡುತ್ತಾರೆ, ಮೊಟ್ಟೆ ಚೆನ್ನಾಗಿ ಫಲವಾಗುತ್ತದೆ ನಿಜ, ಆದರೆ ಸಣ್ಣ ಗೂಡಿನಲ್ಲಿ ಹೆಣ್ಣಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ಗಂಡು ಹತ್ತುವಾಗ ತಲೆಯ ಹಿಂಭಾಗದ ಪುಕ್ಕ ಕಚ್ಚಿ ಹಿಡಿಯುತ್ತದೆ. ಹೆಣ್ಣಿಗೆ ಅಲ್ಲಿ ಬೋಳಾಗಿದ್ದರೆ ಅದು ಹೆಚ್ಚಾಗಿ ಜಗಳದ ಗುರುತಲ್ಲ, ಗಂಡು ಹೆಚ್ಚಾದ ಗುರುತು. ಹೆಣ್ಣಿರುವ ಒಂದೇ ಗೂಡಿಗೆ ಎರಡು ಗಂಡು ಬೇಡವೇ ಬೇಡ.

ಇನ್ನೂ ಮೃದುವಾದ ದಾರಿಯಿದೆ. ಗಂಡನ್ನು ಬೇರೆ ಇಟ್ಟು, ಮೊಟ್ಟೆ ಬೇಕಾದ ವಾರ ಮಾತ್ರ ಬಿಡಿ. ಬಿಟ್ಟ ನಾಲ್ಕನೇ ದಿನದಿಂದ ಮೊಟ್ಟೆ ಆರಿಸಿ, ವಾರದೊಳಗೆ ಕಾವಿಗಿಡಿ. 17-18 ದಿನಕ್ಕೆ ಒಡೆಯುತ್ತವೆ.

ಉಳಿದ ಗಂಡುಗಳನ್ನು ಹೆಣ್ಣು ಕಾಣದ, ಕೂಗು ಕೇಳದ ಕಡೆ ಹಾಕಿ. ಹೆಣ್ಣಿನ ಗೂಡಿಗೆ ಮೊಟ್ಟೆಗೆಂದು 14-16 ಗಂಟೆ ಬೆಳಕು ಕೊಡುತ್ತೇವಲ್ಲ, ಆ ಬಲ್ಬು ಇವಕ್ಕೆ ತಗಲಬಾರದು. ಬೆಳಕನ್ನು ದಿನಕ್ಕೆ 8 ಗಂಟೆಯಷ್ಟಕ್ಕೆ ಇಳಿಸಿದರೆ ಕೆಲವು ವಾರಗಳಲ್ಲಿ ವೃಷಣ ಕುಗ್ಗಿ ಕಾದಾಟವೂ ತಗ್ಗುತ್ತದೆ. ಸಾಕುವುದಿಲ್ಲ ಎಂದಾದರೆ ಮಾಂಸಕ್ಕೆ ಕೊಡುವುದೇ ವಾಸಿ, ಇಕ್ಕಟ್ಟಿನಲ್ಲಿ ಇಟ್ಟು ಹಿಂಸೆ ಮಾಡಬಾರದು.

ಐದು ಹಕ್ಕಿಗೆ ಎರಡೂವರೆ ಅಡಿ ಉದ್ದ, ಎರಡು ಅಡಿ ಅಗಲ ಕೊಡಿ. ಎತ್ತರ 10-12 ಇಂಚು ಸಾಕು. ಹೆದರಿದರೆ ನೇರ ಮೇಲಕ್ಕೆ ಹಾರುತ್ತವೆ, ಅದಕ್ಕಿಂತ ತುಸು ಹೆಚ್ಚು ಎತ್ತರವಿದ್ದರೆ ವೇಗ ಪಡೆದು ತಲೆ ಒಡೆದುಕೊಳ್ಳುತ್ತವೆ. ಗೂಡಿನ ಮಾಡಿಗೆ (ಛಾವಣಿಗೆ) ಒಳಗಿನಿಂದ ಗೋಣಿ ಕಟ್ಟಿ. ಅಡಿಕೆ ಹಾಳೆಯನ್ನು ಕಮಾನಿನ ಹಾಗೆ ಬಗ್ಗಿಸಿ ಎರಡು ಮೂಲೆಯಲ್ಲಿಟ್ಟರೆ ಅಡಗಲು ಜಾಗ. ಎರಡೂ ತುದಿ ತೆರೆದಿರಲಿ, ಇಲ್ಲದಿದ್ದರೆ ಒಳಗೇ ಸಿಕ್ಕಿಹಾಕಿಕೊಂಡು ಪೆಟ್ಟು ತಿನ್ನುತ್ತವೆ. ಮಳೆಗಾಲದಲ್ಲಿ ಹಾಳೆ ಬೂಸ್ಟು ಹಿಡಿಯುತ್ತದೆ, ಕಂಡ ಕೂಡಲೇ ಬದಲಿಸಿ.

ಗಂಡು-ಹೆಣ್ಣಿನ ಲೆಕ್ಕ ಸರಿಯಿದ್ದೂ ಕುಕ್ಕುತ್ತಿದ್ದರೆ ಆಹಾರ ನೋಡಿ. ಮೊಟ್ಟೆಯಿಡುವ ಗೌಜಲಿಗೆ 20% ಪ್ರೋಟೀನ್ ಬೇಕು, ಮೊಟ್ಟೆಕೋಳಿಗೆ ಹಾಕುವ ಲೇಯರ್ ಫೀಡಿನಲ್ಲಿ ಅಷ್ಟಿರುವುದಿಲ್ಲ.

ಗಾಯವಾದದ್ದನ್ನು ಆಗಲೇ ಬೇರೆ ಮಾಡಿ, ಪೊವಿಡೋನ್ ಅಯೋಡಿನ್ ಹಚ್ಚಿ. ರಕ್ತ ಕಂಡರೆ ಉಳಿದವೂ ಅದನ್ನೇ ಕುಕ್ಕುತ್ತವೆ. ವಾಸಿಯಾಗಿ ಬಂದದ್ದು ಉಳಿದವಕ್ಕೆ ಹೊಸ ಹಕ್ಕಿಯೇ. ಒಂದನ್ನೇ ತಂದು ಹಳೆಯ ಗೂಡಿಗೆ ಬಿಡಬೇಡಿ. ಕತ್ತಲಾಗುವ ಹೊತ್ತಿಗೆ ಎಲ್ಲವನ್ನೂ ತೆಗೆದು, ತೊಳೆದು ಹಾಳೆಗಳ ಜಾಗ ಬದಲಿಸಿದ ಗೂಡಿಗೆ ಒಟ್ಟಿಗೆ ಬಿಡಿ, ಮರುದಿನ ಬೆಳಿಗ್ಗೆ ಅರ್ಧ ಗಂಟೆ ಅಲ್ಲೇ ನಿಂತು ನೋಡಿ.