ರಾಜ್ಯ ಯಾವಾಗ ಬರುತ್ತದೆ ಅಂತ ಕೇಳುವವರಿಗೆ

“ನಿಮ್ಮ ದೇವರ ರಾಜ್ಯ ಯಾವಾಗ ಬರ್ತದ್ರೀ?”

ಹುಬ್ಬಳ್ಳಿಯಲ್ಲಿ ನನಗೆ ಇದನ್ನು ಕೇಳದವರು ಕಡಿಮೆ. ಸಿಮೆಂಟ್ ಅಂಗಡಿಯಲ್ಲಿ ಕೇಳುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ. ಒಮ್ಮೆ ಹಲ್ಲು ಕೀಳಿಸಿಕೊಳ್ಳಲು ಬಾಯಿ ತೆಗೆದು ಕೂತಿದ್ದಾಗ ಡಾಕ್ಟರೇ ಕೇಳಿದರು, ಅದೂ ಇಕ್ಕಳ ಕೈಯಲ್ಲಿ ಹಿಡಿದುಕೊಂಡು. ನಾವು ಕ್ರೈಸ್ತರು. ನಮ್ಮವರ ಮದುವೆಗೋ ಮಣ್ಣಿಗೋ ಬಂದವರ ಕಿವಿಗೆ ಪ್ರಾರ್ಥನೆಯ ‘ನಿನ್ನ ರಾಜ್ಯವು ಬರಲಿ’ ಅನ್ನೋ ಸಾಲು ಬಿದ್ದಿರುತ್ತದೆ. ಅಲ್ಲಿಂದ ಶುರು. ಇಷ್ಟು ವರ್ಷ ನಕ್ಕು ಉತ್ತರ ಹೇಳಿದೆ. ಇನ್ನು ಆಗುವುದಿಲ್ಲ. ಬರೆದು ಇಡುತ್ತೇನೆ, ಕೇಳಿದವರ ಮೊಬೈಲಿಗೆ ಕಳಿಸುತ್ತೇನೆ.

ಮೊದಲು ಆ ‘ನಿಮ್ಮ’. ಸ್ವಿಟ್ಜರ್‌ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ಹುಬ್ಬಳ್ಳಿಗೆ 1839ರಲ್ಲಿ, ನಮ್ಮ ಹಿರಿಯರಿದ್ದ ಬೆಟಗೇರಿಗೆ 1841ರಲ್ಲಿ. ಆಮೇಲೆ ಅದೇ ಮಿಷನ್ನಿನಿಂದ ಬಂದ ಕಿಟೆಲ್ ಎಲ್ಲರಿಗೂ ‘ನಮ್ಮ ಕಿಟೆಲ್’. 1894ರಲ್ಲಿ ಅಚ್ಚಾದ ಅವರ ನಿಘಂಟು ನಮ್ಮದು. ಅವರು ದಿನಾ ಹೇಳುತ್ತಿದ್ದ ಪ್ರಾರ್ಥನೆ ಮಾತ್ರ ‘ನಿಮ್ಮದು’. ಇರಲಿ.

ಆಮೇಲೆ ‘ರಾಜ್ಯ’. ಈ ಪದ ಕೇಳಿದ ಕೂಡಲೇ ನಮ್ಮ ಜನರ ತಲೆಯಲ್ಲಿ ನಕಾಶೆ ಬಿಚ್ಚಿಕೊಳ್ಳುತ್ತದೆ. “ಉತ್ತರ ಕರ್ನಾಟಕ ಪ್ರತ್ಯೇಕ ರಾಜ್ಯ ಆಗ್ಬೇಕು ಅಂತಾರಲ್ಲ, ಹಂಗೇನು?” ಅಂತ ಒಬ್ಬರು ಗಂಭೀರವಾಗಿಯೇ ಕೇಳಿದ್ದರು. ಹಂಗಲ್ಲ. ಯೇಸುವಿನ ಕತೆ ಹೇಳುವ ಸುವಾರ್ತೆಗಳನ್ನು ಬರೆದ ಗ್ರೀಕಿನಲ್ಲಿ ಆ ಪದ ‘ಬಸಿಲೆಯ’. ಅದರಲ್ಲಿ ಜಾಗಕ್ಕಿಂತ ಆಳ್ವಿಕೆ ಅನ್ನೋ ಅರ್ಥ ಮುಂದೆ. ಅಂದರೆ, ದೇವರು ಹೇಳಿದ ಹಾಗೆ ಕೆಲಸ ನಡೆಯುವುದು. ಸುವಾರ್ತೆ ಬರೆದವರಲ್ಲಿ ಒಬ್ಬನಾದ ಮತ್ತಾಯ ಇದನ್ನೇ ಹೆಚ್ಚಾಗಿ ‘ಪರಲೋಕ ರಾಜ್ಯ’ ಅಂತ ಬರೆದ. ಅಷ್ಟು ಸಾಕಾಯಿತು, ಸತ್ತ ಮೇಲೆ ಸಿಗುವ ಸೈಟು ಅಂತ ಜನ ತಿಳಿದುಕೊಂಡರು. ನಮ್ಮ ಚರ್ಚಿನಲ್ಲೂ ಹಾಗೆ ತಿಳಿದವರೇ ಜಾಸ್ತಿ, ಸುಳ್ಳು ಯಾಕೆ ಹೇಳಲಿ.

‘ಯಾವಾಗ’ ಅನ್ನೋದು ಹೊಸ ಪ್ರಶ್ನೆಯೇನಲ್ಲ. ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ಫರಿಸಾಯರು, ಅಂದರೆ ಯೆಹೂದ್ಯರ ಒಂದು ಪಂಗಡದವರು, ಯೇಸುವನ್ನೇ ಕೇಳಿದ್ದರು. ಅಗೋ ಅಲ್ಲಿ, ಇಗೋ ಇಲ್ಲಿ ಅಂತ ತೋರಿಸಲಿಕ್ಕೆ ಆಗುವಂಥದ್ದಲ್ಲ, ನಿಮ್ಮಲ್ಲೇ ಇದೆ ಅಂದ. ಅದನ್ನು ‘ನಿಮ್ಮೊಳಗೆ’ ಅಂತಲೂ ಓದುತ್ತಾರೆ, ‘ನಿಮ್ಮ ನಡುವೆ’ ಅಂತಲೂ ಓದುತ್ತಾರೆ. ನನಗೆ ಎರಡನೆಯದೇ ಸರಿ. ಒಳಗೆ ಇದೆ ಅಂದುಕೊಂಡರೆ ಯಾರಿಗೂ ಬಟವಡೆ ಮಾಡಬೇಕಾಗಿಲ್ಲ ನೋಡಿ.

ಬಟವಡೆ ಅಂದೆ. ನಾನು ಮನೆ ಕಟ್ಟಿಸುವ ಸಣ್ಣ ಗುತ್ತಿಗೆದಾರ. ವಾರವಿಡೀ ಹಾಜರಿ ಬರೆಯುತ್ತೇನೆ, ಶನಿವಾರ ಸಂಜೆ ಪಗಾರ ಕೊಡುತ್ತೇನೆ. ಭಾನುವಾರ ಸಂಡೆ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಎರಡೂ ಕೆಲಸಕ್ಕೆ ಒಂದೇ ಪೆನ್ನು.

ಎರಡು ವರ್ಷದ ಹಿಂದೆ, ಒಂದು ಶನಿವಾರ, ಸ್ಲ್ಯಾಬ್ ಇತ್ತು, ಅಂದರೆ ತಾರಸಿಗೆ ಕಾಂಕ್ರೀಟ್ ಹಾಕುವ ಕೆಲಸ. ಬೆಳಿಗ್ಗೆ ಏಳಕ್ಕೆ ಸರ್ಕಲ್‌ಗೆ ಹೋದೆ. ಕುಂದಗೋಳ, ಕಲಘಟಗಿ ಕಡೆಯಿಂದ ಮೊದಲ ಬಸ್ಸಿಗೆ ಬಂದ ಕೂಲಿಯವರು ಬುತ್ತಿ ಹಿಡಿದು ನಿಂತಿರುತ್ತಾರೆ. ಗಾಡಿ ನಿಲ್ಲಿಸಿದರೆ ಸುತ್ತ ಮುತ್ತುತ್ತಾರೆ. ಹುಡುಗರನ್ನು ಆರಿಸಿ ಹತ್ತಿಸಿಕೊಂಡೆ. ಒಬ್ಬ ಮುದುಕ ಮುಂದೆ ಬಂದ. ಅವನ ಕಾಲು ನೋಡಿದೆ, ಬೇಡ ಅಂದೆ. ಅಂದೆ ಅಂತಲೂ ಇಲ್ಲ, ಕೈ ಅಲ್ಲಾಡಿಸಿದೆ ಅಷ್ಟೇ.

ಮಧ್ಯಾಹ್ನ ಮೋಡ ಕವಿಯಿತು. ಸ್ಲ್ಯಾಬ್ ಅರ್ಧಕ್ಕೆ ನಿಲ್ಲಿಸಲಿಕ್ಕೆ ಬರುವುದಿಲ್ಲ. ಮೂರೂವರೆಗೆ ಮತ್ತೆ ಸರ್ಕಲ್‌ಗೆ ಓಡಿದೆ. ಇದ್ದದ್ದು ಅವನೊಬ್ಬನೇ. ಬುತ್ತಿ ಇನ್ನೂ ಬಿಚ್ಚಿರಲಿಲ್ಲ. ಕರೆದುಕೊಂಡು ಬಂದೆ. ಎರಡು ತಾಸು ನೀರು ಹೊತ್ತ, ಬಾಂಡ್ಲಿ ದಾಟಿಸಿದ. ಸಂಜೆ ಕಾಲು ಹಾಜರಿ ಬರೆದು ರೊಕ್ಕ ಕೊಟ್ಟೆ. ಎಣಿಸಿಕೊಂಡು ಕಿಸೆಗೆ ಇಟ್ಟ. “ಮುಂಜಾನೆನೂ ಅಲ್ಲೇ ನಿಂತಿದ್ನ್ರೀ ಸಾಹೇಬ್ರ” ಅಂದ. ದೂರು ಹೇಳಿದ ಹಾಗೆ ಇರಲಿಲ್ಲ. ಬಸ್ಸಿನ ಟೈಮ್ ಹೇಳಿದ ಹಾಗಿತ್ತು.

ಮತ್ತಾಯನ 20ನೇ ಅಧ್ಯಾಯದ ಕತೆಯನ್ನು ನಾನು ಎಷ್ಟು ಸಲ ಪಾಠ ಮಾಡಿದ್ದೇನೋ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪರಲೋಕ ರಾಜ್ಯ ಹೇಗಿದೆ ಅಂದರೆ, ದ್ರಾಕ್ಷಿ ತೋಟದ ಯಜಮಾನ ಬೆಳಗಾಗುತ್ತಲೇ ಆಳು ಕರೆಯಲು ಹೋಗುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಹೋಗುತ್ತಾನೆ. ಸಂಜೆ ಐದಕ್ಕೂ ಹೋಗುತ್ತಾನೆ. ದಿನವಿಡೀ ಯಾಕೆ ಸುಮ್ಮನೆ ನಿಂತಿದ್ದೀರಿ ಅಂದರೆ, ನಮ್ಮನ್ನು ಯಾರೂ ಕರೆಯಲಿಲ್ಲ ಅನ್ನುತ್ತಾರೆ. ಬಟವಡೆಗೆ ಅವರನ್ನೇ ಮೊದಲು ಕರೆದು ಪೂರ್ತಿ ದಿನದ ಕೂಲಿ ಕೊಡುತ್ತಾನೆ. ಬೆಳಿಗ್ಗೆಯಿಂದ ಬಿಸಿಲಲ್ಲಿ ದುಡಿದವರು ಗೊಣಗುತ್ತಾರೆ. ಮಾತಾಡಿದಷ್ಟು ನಿನಗೆ ಕೊಟ್ಟಿದ್ದೇನೆ, ನಾನು ಇವನಿಗೂ ಕೊಟ್ಟರೆ ನಿನಗೇಕೆ ಹೊಟ್ಟೆಕಿಚ್ಚು ಅನ್ನುತ್ತಾನೆ ಯಜಮಾನ. ಕೊಡುವುದೂ ಅವತ್ತೇ ಸಂಜೆ. ಕೂಲಿಯವನ ರೊಕ್ಕ ಸೂರ್ಯ ಮುಳುಗುವ ಮುಂಚೆ ಕೊಡಬೇಕು ಅಂತ ಮೋಶೆಯ ಕಾನೂನಿತ್ತು. ನಮ್ಮದು ವಾರಕ್ಕೊಮ್ಮೆ. ಅದರ ಮೇಲೆ ಮಾಲೀಕರ ಚೆಕ್ ಪಾಸಾಗಬೇಕು.

ಸೋಮವಾರ ಸಿಮೆಂಟ್ ಅಂಗಡಿಯ ಗೆಳೆಯ ಅದೇ ಪ್ರಶ್ನೆ ಎತ್ತಿದ. “ದೊಡ್ಡ ಪ್ಲಾಟ್‌ಫಾರ್ಮ್ ಬಂತು, ಚಿಗರಿ ಬಸ್ ಬಂತು, ವಂದೇ ಭಾರತ್ ಬಂತು. ನಿಮ್ಮ ರಾಜ್ಯದ್ದು ಏನು ಸುದ್ದಿ? ನಮ್ಮಲ್ಲಿ ಸುಲಭ ನೋಡಪಾ, ಕಾಯಕವೇ ಕೈಲಾಸ.” ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವತ್ತು ರೇಗಿಬಿಟ್ಟೆ. “ಕಾಯಕ ಮಾಡ್ತೀನಿ ಅಂತ ನಿಂತವನನ್ನ ಯಾರೂ ಕರೀಲಿಲ್ಲ ಅಂದ್ರ ಅವನಿಗೆ ಕೈಲಾಸ ಎಲ್ಲೈತಿ?” ಅಂದೆ. ಅಂಗಡಿಯ ಹುಡುಗರೆಲ್ಲ ತಿರುಗಿ ನೋಡಿದರು. ಗೆಳೆಯ ಬೇಜಾರು ಮಾಡಿಕೊಳ್ಳಲಿಲ್ಲ. ಚಹಾ ತರಿಸಿದ. “ಆ ಮಾತು ಹೇಳಿದವನು ಆಯ್ದಕ್ಕಿ ಮಾರಯ್ಯ. ಅವನು ಒಂದಿನ ಜಾಸ್ತಿ ಅಕ್ಕಿ ತಂದಾಗ, ವಾಪಸ್ ಸುರಿದು ಬಾ ಅಂತ ಕಳಿಸಿದವಳು ಅವನ ಹೆಂಡತಿ ಲಕ್ಕಮ್ಮ. ನೀನು ಮಾರಯ್ಯನ ಕಡೆಯವನಲ್ಲ, ಲಕ್ಕಮ್ಮನ ಕಡೆಯವನು” ಅಂದ. ಚರ್ಚಿನಲ್ಲಿ ಕೇಳಿದ ಬಹಳ ಪ್ರಸಂಗಗಳಿಗಿಂತ ಅದು ನನಗೆ ಚೆನ್ನಾಗಿ ನೆನಪಿದೆ.

ಆಮೇಲೆ ನೀನು ಏನು ಮಾಡಿದೆ ಅಂತ ಕೇಳುತ್ತೀರಿ. ಮಾಡಿ ನೋಡಿದೆ. ಒಂದು ಶನಿವಾರ ತಡವಾಗಿ ಬಂದ ಇಬ್ಬರಿಗೆ ಪೂರ್ತಿ ಹಾಜರಿ ಕೊಟ್ಟೆ. ಹಳೆಯ ಗೌಂಡಿ ಗೊಣಗಿದ, ಥೇಟ್ ಮತ್ತಾಯ ಬರೆದ ಹಾಗೆ. ಸೋಮವಾರ ಮೂವರು ಹನ್ನೊಂದಕ್ಕೆ ಬಂದರು. ಮರುದಿನ ಬೆಳಿಗ್ಗೆ ಆ ತೋಟಕ್ಕೆ ಯಾರು ಎಷ್ಟು ಹೊತ್ತಿಗೆ ಬಂದರು ಅಂತ ಮತ್ತಾಯ ಬರೆದಿಲ್ಲ. ಬರೆದಿದ್ದರೆ ನನಗೆ ಉಪಕಾರವಾಗುತ್ತಿತ್ತು.

ನೀವು ನಿಜವಾಗಿ ಕೇಳಬೇಕಾದ ಪ್ರಶ್ನೆ ಒಂದಿದೆ. ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ, ಪಾದ್ರಿಗಳು ಕೂಡ. “ಬೆಳಿಗ್ಗೆ ಸರ್ಕಲ್‌ನಲ್ಲಿ ಯಾರನ್ನ ಬಿಟ್ಟು ಬರ್ತೀ?” ಕೇಳಿದರೆ ಉತ್ತರ ಇದೆ. ಮುದುಕರನ್ನು. ಕೈಗೆ ಬ್ಯಾಂಡೇಜ್ ಕಟ್ಟಿಕೊಂಡವರನ್ನು. ಸೊಂಟದ ಮೇಲೆ ಕೂಸಿರುವ ಹೆಣ್ಣುಮಕ್ಕಳನ್ನು. ಹತ್ತು ಗಂಟೆಗೆ ಆ ಕಡೆ ಹೋದರೆ ನಿಂತಿರುವವರು ಇವರೇ. ಐದು ಗಂಟೆಯ ಆಳುಗಳನ್ನು ಬೈಬಲ್ಲಿನಲ್ಲಿ ಹುಡುಕಬೇಕಾಗಿಲ್ಲ, ಅವರನ್ನು ದಿನಾ ಏಳು ಗಂಟೆಗೆ ಮಾಡಿಟ್ಟು ಬರುವವನು ನಾನೇ.

ಈಗ ವಾರಕ್ಕೆ ಎರಡು ಮೂರು ದಿನ ಅಂಥವರಲ್ಲಿ ಒಬ್ಬರನ್ನು ಮೊದಲೇ ಹತ್ತಿಸಿಕೊಳ್ಳುತ್ತೇನೆ. ಕ್ಯೂರಿಂಗ್‌ಗೆ ನೀರು ಹೊಡೆಯುವುದು, ಇಟ್ಟಿಗೆ ಎಣಿಸುವುದು, ಸಿಮೆಂಟ್ ಚೀಲ ಕಾಯುವುದು, ಕೆಲಸ ಇದ್ದೇ ಇರುತ್ತದೆ. ಉಳಿದ ದಿನ ಮೊದಲಿನ ಹಾಗೆಯೇ ಕೈ ಅಲ್ಲಾಡಿಸುತ್ತೇನೆ. ಆ ಮುದುಕ ಮತ್ತೆ ಕಾಣಲಿಲ್ಲ.

ನಾಳೆ ಕೇಶ್ವಾಪುರದಲ್ಲಿ ಸ್ಲ್ಯಾಬ್ ಇದೆ, ಎಂಟು ಜನ ಬೇಕು. ರಾಜ್ಯ ಯಾವಾಗ ಬರುತ್ತದೆ ಅಂತ ಇನ್ನೂ ಕೇಳಬೇಕು ಅನ್ನುವವರು ಏಳಕ್ಕೆ ಸರ್ಕಲ್‌ಗೆ ಬನ್ನಿ. ಗಾಡಿ ಮಾತ್ರ ಅಡ್ಡ ನಿಲ್ಲಿಸಬೇಡಿ, ಜನ ಹತ್ತಲಿಕ್ಕೆ ಆಗುವುದಿಲ್ಲ.