ಕೆಲ್ಲಿ ಜೋನ್ಸ್ ಬರೆದ ಬ್ಯಾಟ್‌ಮನ್: ಅಷ್ಟುದ್ದ ಕಿವಿ ಯಾಕೆ?

9 ಫೆಬ್ರುವರಿ 2025, ಭಾನುವಾರ

ಇವತ್ತು ಬೆಳಗಿನಿಂದ ಮೇಜಿನ ಮೇಲೆ ಅಮೆರಿಕದ ಕಾಮಿಕ್ಸ್ ಚಿತ್ರಕಾರ ಕೆಲ್ಲಿ ಜೋನ್ಸ್ ಬರೆದ ಬ್ಯಾಟ್‌ಮನ್ ಪುಟಗಳೇ ಹರಡಿಕೊಂಡಿವೆ. ಇವನ್ನು ಮೊದಲ ಸಲ ನೋಡಿದವರ ಕಣ್ಣು ನೇರ ಕಿವಿಗೇ ಹೋಗುತ್ತದೆ. ಬೇರೆಯವರ ಬ್ಯಾಟ್‌ಮನ್‌ಗೆ ತಲೆಯ ಅರ್ಧದಷ್ಟು ಕಿವಿ ಇದ್ದರೆ ಹೆಚ್ಚು. ಇಲ್ಲಿ ಅದು ತಲೆಯಷ್ಟೇ ಉದ್ದ, ಎಷ್ಟೋ ಕಡೆ ತಲೆಗಿಂತ ಉದ್ದ. ಅದೂ ಒಂದು ಪ್ಯಾನೆಲ್‌ನಲ್ಲಿ (ಪುಟದ ಒಂದು ಚಿತ್ರಚೌಕದಲ್ಲಿ) ಇದ್ದಷ್ಟು ಮುಂದಿನದರಲ್ಲಿ ಇರುವುದಿಲ್ಲ. ಅಳತೆ ತಪ್ಪಿದೆ ಎನ್ನುವವರಿದ್ದಾರೆ. ನನ್ನ ಪ್ರಕಾರ ಅಳತೆ ಸರಿಯಾಗಿಯೇ ಇದೆ, ಆದರೆ ಅದು ಹೆದರಿದವನ ಕಣ್ಣಿನ ಅಳತೆ. ಕಳ್ಳರ ಎದೆ ನಡುಗಬೇಕೆಂದೇ, ಮುಖವಾಡದೊಳಗಿನ ಮನುಷ್ಯ ಬ್ರೂಸ್ ವೇನ್, ಬಾವಲಿಯ ವೇಷ ಹಾಕಿದ್ದು. ಗಲ್ಲಿಯಲ್ಲಿ ಸಿಕ್ಕಿಬಿದ್ದ ಕಳ್ಳನಿಗೆ ಕಂಡದ್ದನ್ನು ಜೋನ್ಸ್ ಬರೆಯುತ್ತಾರೆ.

ಇದನ್ನು ಒಂದೇ ಸಂಚಿಕೆಯಲ್ಲಿ ಹೋಲಿಸಿ ನೋಡಬಹುದು. 1993ರ ‘ಬ್ಯಾಟ್‌ಮನ್’ 497, ಖಳನಾಯಕ ಬೇನ್ ಬ್ಯಾಟ್‌ಮನ್‌ನ ಬೆನ್ನು ಮುರಿಯುವ ಸಂಚಿಕೆ. ಮುಖಪುಟ ಜೋನ್ಸ್‌ರದು, ಒಳಪುಟಗಳು ಜಿಮ್ ಅಪಾರೋ ಅವರದು. ಅಪಾರೋ ಕೈಯಲ್ಲಿ ಬ್ಯಾಟ್‌ಮನ್ ಒಬ್ಬ ಗಟ್ಟಿಮುಟ್ಟಾದ ಮನುಷ್ಯ, ಸ್ಪಷ್ಟ, ಚೊಕ್ಕ. ಮುಖಪುಟದಲ್ಲಿರುವುದು ಬೇರೆಯೇ ಜೀವ.

ಉದ್ದ ಕಿವಿ ಬರೆಯಲು ಹೊರಟವರಿಗೆ ಮೊದಲ ತೊಂದರೆ ಜಾಗದ್ದು. ಅಮೆರಿಕನ್ ಕಾಮಿಕ್ಸ್‌ನ ಮೂಲ ಹಾಳೆ 11×17 ಇಂಚು, ಚಿತ್ರಕ್ಕೆ ಸಿಗುವುದು ಸುಮಾರು 10×15. ಪ್ಯಾನೆಲ್‌ಗಳನ್ನು ಮೂರು ಸಾಲು ಮಾಡಿದರೆ ಒಂದು ಸಾಲಿಗೆ 5 ಇಂಚು ಎತ್ತರ. ಸೂಪರ್‌ಹೀರೋ ನೆಟ್ಟಗೆ ನಿಂತರೆ ಎಂಟು ತಲೆ ಎತ್ತರ, ಮೇಲೆ ಒಂದು ತಲೆಯಷ್ಟು ಕಿವಿ: ಒಟ್ಟು ಒಂಬತ್ತು. ಆಗ ತಲೆಗೆ ಉಳಿಯುವುದು ಅರ್ಧ ಇಂಚಿಗಿಂತ ಸ್ವಲ್ಪ ಹೆಚ್ಚು, ಅಷ್ಟರಲ್ಲಿ ಮುಖಭಾವ ಬರುವುದೇ ಇಲ್ಲ. ಅದೇ ಆಕೃತಿಯನ್ನು ಕುಕ್ಕರಗಾಲಿನಲ್ಲಿ ಕೂರಿಸಿ ಕೇಪ್ (ಬೆನ್ನಿಂದ ಇಳಿಯುವ ಮೇಲುಹೊದಿಕೆ) ಹೊದಿಸಿದರೆ ನಾಲ್ಕು ತಲೆಗೆ ಇಳಿಯುತ್ತದೆ. ಕಿವಿ ಸೇರಿ ಐದು. ತಲೆಗೆ ಪೂರ್ತಿ ಒಂದು ಇಂಚು ಸಿಕ್ಕಿತು. ಜೋನ್ಸ್‌ರ ಬ್ಯಾಟ್‌ಮನ್ ಬಗ್ಗಿ, ಮುದುಡಿ, ಗುಡ್ಡೆಯಂತೆ ಕೂತಿರುವ ಭಂಗಿ ಎಷ್ಟು ಚೆನ್ನಾಗಿ ಒಪ್ಪುತ್ತದೆ ಎನ್ನುವುದಕ್ಕೆ ಈ ಲೆಕ್ಕವೂ ಒಂದು ಕಾರಣ. ಮಾತಿನ ಬಲೂನು ಮರೆಯಬಾರದು: ಅದು ಕೂರುವುದು ಪ್ಯಾನೆಲ್‌ನ ಮೇಲ್ಭಾಗದಲ್ಲಿ, ಕಿವಿ ಹೋಗುವುದೂ ಅಲ್ಲಿಗೇ. ತಲೆಯನ್ನು ಕೆಳಗಿಳಿಸಿ ಒಂದು ಪಕ್ಕಕ್ಕೆ ಸರಿಸದಿದ್ದರೆ ಅಕ್ಷರ ಬರೆಯುವವರು ಕಿವಿಯ ಮೇಲೆಯೇ ಬಲೂನು ಕೂರಿಸಬೇಕಾಗುತ್ತದೆ.

ಇನ್ನು ಆಕಾರ. ನೆತ್ತಿಯ ಮೇಲೆ ಎರಡು ತ್ರಿಕೋನ ಅಂಟಿಸಿದರೆ ಅದು ಮೊಲ. ಬುಡ ಕಣತಲೆಯಿಂದಲೇ ಏಳಬೇಕು, ಕೋಡಿನ ಹಾಗೆ ಹೊರಗೆ ಬಾಗಿ ತುದಿಯಲ್ಲಿ ಒಳಕ್ಕೆ ತಿರುಗಬೇಕು. ತಲೆ ಓರೆಯಾದಾಗ ಆಚೆ ಕಿವಿ ಗಿಡ್ಡವಾಗಲೇಬೇಕು. 1939ರ ಮೇ ತಿಂಗಳ ‘ಡಿಟೆಕ್ಟಿವ್ ಕಾಮಿಕ್ಸ್’ 27ರಲ್ಲಿ ಬ್ಯಾಟ್‌ಮನ್ ಮೊದಲು ಕಾಣಿಸಿಕೊಂಡಾಗಲೂ ಕಿವಿ ಕೋಡಿನಂತೆ ಹೊರಚಾಚಿತ್ತು, ಕೇಪ್ ರೆಕ್ಕೆಯಂತಿತ್ತು. 1973ರಲ್ಲಿ ಬರ್ನಿ ರೈಟ್‌ಸನ್ ‘ಸ್ವಾಂಪ್ ಥಿಂಗ್’ 7ರಲ್ಲಿ ಬರೆದ ಬ್ಯಾಟ್‌ಮನ್‌ನಲ್ಲಿಯೂ ಆ ಭೂತಕಳೆ ಇದೆ. ಜೋನ್ಸ್‌ರದು ಅದೇ ಮನೆತನ.

ಆದರೆ ಇಷ್ಟನ್ನೆಲ್ಲ ಹೊತ್ತು ನಿಲ್ಲಿಸಿರುವುದು ಕಪ್ಪು. 1995ರಲ್ಲಿ 515ನೇ ಸಂಚಿಕೆಯಿಂದ ಜೋನ್ಸ್ ‘ಬ್ಯಾಟ್‌ಮನ್’ ಮಾಸಪತ್ರಿಕೆಯನ್ನು ಕೈಗೆತ್ತಿಕೊಂಡಾಗ ಉಡುಪೂ ಕಪ್ಪಾಯಿತು. ಹಿಂದೆ ಬೂದು ಮೈ, ನೀಲಿ ಕೇಪ್ ತಾವಾಗಿಯೇ ಬೇರೆಬೇರೆ ಕಾಣುತ್ತಿದ್ದವು. ಆಮೇಲೆ ಕಪ್ಪಿನ ಮೇಲೆ ಕಪ್ಪು, ಬೆನ್ನ ಹಿಂದೆ ರಾತ್ರಿ. ಇಲ್ಲಿ ಎಡವುವವರೇ ಹೆಚ್ಚು: ಕೇಪನ್ನು ಅಂಚಿನವರೆಗೂ ಮಸಿಯಿಂದ ತುಂಬಿಬಿಡುತ್ತಾರೆ, ಆಕೃತಿ ಕತ್ತಲಲ್ಲಿ ಕರಗಿಹೋಗುತ್ತದೆ. ಜೋನ್ಸ್ ಮತ್ತು ಇಂಕರ್ (ಪೆನ್ಸಿಲ್ ಚಿತ್ರಕ್ಕೆ ಮಸಿ ಹಾಕುವವರು) ಜಾನ್ ಬೀಟಿ ಅವರ ಪುಟವನ್ನು ಹತ್ತಿರ ಹಿಡಿದು ನೋಡಿ. ಮಡಿಕೆಯ ಏಣಿನಲ್ಲಿ ಕೂದಲೆಳೆಯಷ್ಟು ಬಿಳಿ ಉಳಿದಿದೆ; ಅದರ ಒಳಮಗ್ಗುಲಲ್ಲಿ ಗರಿಯಂತೆ ಬಿಡಿಬಿಡಿ ಕುಂಚದ ಗೆರೆ, ಬುಡ ದಪ್ಪ, ತುದಿ ಸೂಜಿ; ಆಮೇಲೆ ಗಟ್ಟಿ ಕಪ್ಪು. ಬೆನ್ನ ಹಿಂದೆ ಮಂಜೋ ಚಂದ್ರನೋ ಇದ್ದರೆ ಹೊರರೇಖೆ ತಾನೇ ಎದ್ದು ಬರುತ್ತದೆ. ಆ ಮಂಜು ಬರೀ ಅಲಂಕಾರವಲ್ಲ, ಅದಿಲ್ಲದಿದ್ದರೆ ಕೇಪ್ ಇಲ್ಲ. ಈ ಗೆರೆಗಳನ್ನು ತೀರಾ ಒತ್ತೊತ್ತಾಗಿ ಎಳೆದರೂ ಕಷ್ಟ: ಅಗ್ಗದ ಕಾಗದದಲ್ಲಿ ಮಸಿ ಹಬ್ಬಿ ನಡುವಿನ ಬಿಳಿ ಮುಚ್ಚಿಹೋಗುತ್ತದೆ.

ಹಗಲು ಹೊತ್ತಿನ ಬ್ರೂಸ್ ವೇನ್ ಮಾತ್ರ ಇದೇ ಕೈಯಲ್ಲಿ ಸಪ್ಪೆ. ಸೂಟು, ಕುರ್ಚಿ, ಕಿಟಕಿ ಬೆಳಕು ಬಂದರೆ ಆ ಗೆರೆಗೆ ಹಿಡಿಯಲು ಏನೂ ಸಿಗುವುದಿಲ್ಲ, ಮುಖ ಒರಟಾಗುತ್ತದೆ.

ಈ ಕೈಗೆ ಹೇಳಿ ಮಾಡಿಸಿದ ಕತೆ 1991ರ ‘ರೆಡ್ ರೇನ್’. ಬರವಣಿಗೆ ಡಗ್ ಮೆಂಚ್ ಅವರದು. ಡ್ರಾಕುಲಾ ಎದುರಿಗೆ ನಿಂತು ಬ್ಯಾಟ್‌ಮನ್ ತಾನೇ ರಕ್ತಪಿಶಾಚಿಯಾಗುತ್ತಾನೆ, ಕೇಪ್ ಇದ್ದಲ್ಲಿ ನಿಜವಾದ ರೆಕ್ಕೆ ಬರುತ್ತದೆ. ಓದುವಾಗ ಮಾತು ಬಿಟ್ಟು ಕೇಪಿನ ಕೆಳಅಂಚನ್ನೇ ಪುಟದಿಂದ ಪುಟಕ್ಕೆ ಹಿಂಬಾಲಿಸಿ. ಅದು ಬಟ್ಟೆಯಾಗಿರುವುದು ಎಲ್ಲಿಯವರೆಗೆ, ಚರ್ಮವಾಗುವುದು ಎಲ್ಲಿಂದ ಎಂದು ಬೆರಳಿಟ್ಟು ತೋರಿಸುವುದು ಕಷ್ಟ.