ಕ್ರೂಸ್ ಕಂಟ್ರೋಲ್ ನಂಬಿ ದೂರ ಹೊರಡುವ ಸ್ಪೋರ್ಟ್ ಬೈಕ್ ಸವಾರರಿಗೆ

ದೂರದ ಪ್ರವಾಸಕ್ಕೆ ಸ್ಪೋರ್ಟ್ ಬೈಕ್ ಬಾಡಿಗೆಗೆ ಪಡೆಯುವವರೆಲ್ಲ ಕೀಲಿ ಕೈಗೆ ಬಂದ ಕೂಡಲೇ ಗೀರುಗಳ ಫೋಟೊ ತೆಗೆದುಕೊಳ್ಳುತ್ತಾರೆ. ಅದು ಆಮೇಲಾದರೂ ಆದೀತು. ಮೊದಲು ಇಗ್ನಿಷನ್ ಹಾಕಿ, ಪರದೆಯ ಮೇಲೆ ಯಾವ ರೈಡಿಂಗ್ ಮೋಡ್ (ಎಂಜಿನ್ ಎಷ್ಟು ಚುರುಕಾಗಿ ವರ್ತಿಸಬೇಕೆಂದು ನಿರ್ಧರಿಸುವ ಆಯ್ಕೆ) ಕಾಣಿಸುತ್ತಿದೆ ಎಂದು ನೋಡಿ. ನಂತರ ಬೈಕಿನ ಹಿಂದೆ ಹೋಗಿ ಬ್ರೇಕ್ ದೀಪ ನೋಡಿ. ಈ ಎರಡರಲ್ಲೂ ನಮಗೆ ಮೋಸವಾಯಿತು.

ನಮಗೆ ಬೈಕ್ ಕೊಟ್ಟವನು ‘ಇದರಲ್ಲಿ ಕ್ರೂಸ್ ಕಂಟ್ರೋಲ್ ಇದೆ’ ಎಂದು ಹೇಳಿ ಬಾಡಿಗೆಯನ್ನು ಏರಿಸಿದ್ದ. ಕ್ರೂಸ್ ಕಂಟ್ರೋಲ್ ಎಂದರೆ ಥ್ರಾಟಲ್ ಅನ್ನು, ಅಂದರೆ ವೇಗ ಕೊಡುವ ಬಲಗೈ ಹಿಡಿಯನ್ನು, ತಿರುಗಿಸಿ ಹಿಡಿಯದೆಯೇ ಹೊಂದಿಸಿದ ವೇಗವನ್ನು ಕಾಯುವ ಸಾಧನ. ಊರು ದಾಟುವ ಮೊದಲೇ ಗಾಡಿಯ ವರ್ತನೆ ವಿಚಿತ್ರವೆನಿಸಿತು. ಹಿಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಮುಂದಕ್ಕೆ ಚಿಮ್ಮುತ್ತಿತ್ತು, ಬಿಟ್ಟರೆ ಮುಗ್ಗರಿಸುತ್ತಿತ್ತು. ನಿಲ್ಲಿಸಿ ನೋಡಿದರೆ, ಹಿಂದೆ ಓಡಿಸಿದ ಯಾರೋ ತಮಗೆ ಬೇಕಾದಂತೆ ಹೊಂದಿಸಿಟ್ಟ ಯೂಸರ್ ಮೋಡ್ ಹಾಗೆಯೇ ಉಳಿದಿತ್ತು. ಶಕ್ತಿ ಪೂರ್ತಿ, ಥ್ರಾಟಲ್ ಅತಿ ಚುರುಕು, ಹಿಂದಿನ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಅತಿ ಕೆಳಗಿನ ಹಂತದಲ್ಲಿ. ಬಾಡಿಗೆಗೆ ಬರುವ ಅಪರಿಚಿತರ ಕೈಗೆ ಇಂಥ ಗಾಡಿಯನ್ನು ಒಂದು ಮಾತೂ ಹೇಳದೆ ಕೊಡುವುದು ಬೇಜವಾಬ್ದಾರಿತನ. ರೋಡ್ ಮೋಡ್‌ಗೆ ಬದಲಿಸಿದ ಮೇಲೆ ಅದೇ ಬೈಕ್ ಸಾಧುವಾಯಿತು.

ಹೆದ್ದಾರಿಗೆ ಬಂದ ಮೇಲೆ ಎರಡನೆಯ ಸಮಸ್ಯೆ ಎದುರಾಯಿತು. ಕ್ರೂಸ್ ದೀಪ ಹೊತ್ತಿಕೊಳ್ಳುತ್ತಿತ್ತು, ಆದರೆ ಸೆಟ್ ಗುಂಡಿ ಒತ್ತಿದರೆ ವೇಗ ಒಂದೇ ಮಟ್ಟದಲ್ಲಿ ಉಳಿಯುತ್ತಿರಲಿಲ್ಲ. ಫೋನ್ ಮಾಡಿದರೆ ‘ನೀವು ಒತ್ತುವ ರೀತಿ ಸರಿಯಿಲ್ಲ’ ಎಂಬ ಉತ್ತರ. ಕಾರಣ ಹಿಡಿದದ್ದು ಇನ್ನೊಂದು ಬೈಕಿನಲ್ಲಿ ಹಿಂದೆ ಬರುತ್ತಿದ್ದ ಗೆಳೆಯ: ‘ನಿನ್ನ ಬ್ರೇಕ್ ದೀಪ ಒಂದೇ ಸಮನೆ ಉರಿಯುತ್ತಿದೆಯಲ್ಲ!’ ಹಿಂಬದಿಯ ಬ್ರೇಕ್ ಪೆಡಲ್‌ಗೆ ಸೇರಿದ ಸ್ವಿಚ್‌ನ ಹೊಂದಾಣಿಕೆ ತಪ್ಪಿತ್ತು. ಬ್ರೇಕ್ ಒತ್ತಿದೆ ಎಂಬ ಸಂಕೇತ ಸದಾ ಹೋಗುತ್ತಿದ್ದರೆ ಬೈಕಿನ ಕಂಪ್ಯೂಟರ್ ಕ್ರೂಸ್‌ಗೆ ಒಪ್ಪುವುದೇ ಇಲ್ಲ. ರಸ್ತೆ ಬದಿಯ ಮೆಕ್ಯಾನಿಕ್ ಒಬ್ಬರು ಸ್ವಿಚ್‌ನ ನಟ್ಟನ್ನು ತುಸು ತಿರುಗಿಸಿದರು, ಅಷ್ಟೇ. ಕ್ರೂಸ್ ಮಾತು ಬಿಡಿ, ದೀಪ ಸದಾ ಉರಿಯುತ್ತಿದ್ದರೆ ನಾವು ನಿಜವಾಗಿ ಬ್ರೇಕ್ ಹಾಕಿದಾಗ ಹಿಂದಿನವರಿಗೆ ಗೊತ್ತಾಗುವುದು ಹೇಗೆ? ಪೆಡಲ್ ಮೇಲೆ ಬೂಟಿನ ಭಾರ ಬಿಟ್ಟು ಕೂರುವ ಅಭ್ಯಾಸವಿದ್ದವರಿಗೂ ಕ್ರೂಸ್ ಹೀಗೆಯೇ ಕೈಕೊಡುತ್ತದೆ. ಪಾದವನ್ನು ಪೆಗ್ (ಕಾಲಿಡುವ ಕಡ್ಡಿ) ಮೇಲೆ ಹಿಂದಕ್ಕೆ ಸರಿಸಿಕೊಳ್ಳಿ.

ಇನ್ನು ಕ್ರೂಸ್ ಕಂಟ್ರೋಲ್ ಎಷ್ಟರ ಮಟ್ಟಿಗೆ ಉಪಯೋಗಕ್ಕೆ ಬಂತು ಎನ್ನುವುದು. ನನ್ನ ನಿರೀಕ್ಷೆಯೇ ಬೇರೆ ಇತ್ತು. ದೊಡ್ಡ ಟೂರಿಂಗ್ ಬೈಕ್‌ಗಳಲ್ಲಿ ಸವಾರ ನೆಟ್ಟಗೆ ಕೂರುತ್ತಾನೆ, ಕ್ರೂಸ್ ಹಾಕಿದ ಮೇಲೆ ಬಲಗೈ ನಿಜಕ್ಕೂ ವಿಶ್ರಮಿಸುತ್ತದೆ. ಸ್ಪೋರ್ಟ್ ಬೈಕಿನಲ್ಲಿ ಹ್ಯಾಂಡಲ್ ತಗ್ಗಿನಲ್ಲಿರುವುದರಿಂದ ಎದೆ, ಭುಜ, ತಲೆಗಳ ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಹಿಡಿ ತಿರುಗಿಸಿ ಹಿಡಿದಿರುವ ಶ್ರಮವನ್ನು ಕ್ರೂಸ್ ಕಡಿಮೆ ಮಾಡುತ್ತದೆ, ಒರಗಿದ ಭಾರವನ್ನು ಕಡಿಮೆ ಮಾಡುವುದಿಲ್ಲ. ವೇಗ ಹೆಚ್ಚಿದಂತೆ ಎದೆಗೆ ಬೀಸುವ ಗಾಳಿ ಒಂದಿಷ್ಟು ಭಾರ ಹೊರುತ್ತದೆ. ನಿಧಾನಗತಿಯಲ್ಲಿ ಆ ನೆರವೂ ಇಲ್ಲ.

ನನ್ನ ಕೈಗಳನ್ನು ಕಾಪಾಡಿದ್ದು ಟ್ಯಾಂಕಿನ ಎರಡೂ ಬದಿಗೆ ಅಂಟಿಸುವ ರಬ್ಬರ್ ಹಿಡಿತದ ತುಂಡುಗಳು. ಇವುಗಳ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ನುಣುಪಾದ ಟ್ಯಾಂಕಿನ ಮೇಲೆ ಮೊಣಕಾಲು ಜಾರುತ್ತದೆ, ಆಗ ದೇಹ ತಾನಾಗಿ ಕೈಗಳ ಮೇಲೆ ಒರಗುತ್ತದೆ. ಒರಟು ರಬ್ಬರ್ ಇದ್ದರೆ ತೊಡೆ ಮತ್ತು ಮೊಣಕಾಲು ಟ್ಯಾಂಕನ್ನು ಕಚ್ಚಿ ಹಿಡಿಯುತ್ತವೆ, ಹೊಟ್ಟೆಯ ಸ್ನಾಯುಗಳು ಕೆಲಸ ಮಾಡುತ್ತವೆ, ಅಂಗೈ ಹಗುರಾಗುತ್ತದೆ. ಬ್ರೇಕ್ ಹಾಕಿದಾಗಲೂ ಮುಂದಕ್ಕೆ ಜಾರುವುದಿಲ್ಲ. ಬೈಕಿನ ಬೆಲೆಯ ಮುಂದೆ ಇವುಗಳ ಬೆಲೆ ಲೆಕ್ಕಕ್ಕೇ ಬಾರದು. ಕ್ರೂಸ್ ಇಲ್ಲದ ಬೈಕ್ ಮತ್ತು ಈ ರಬ್ಬರ್, ಅಥವಾ ಕ್ರೂಸ್ ಇರುವ ಬೈಕ್ ಮತ್ತು ನುಣುಪು ಟ್ಯಾಂಕ್ ಎಂದು ಆಯ್ಕೆ ಕೊಟ್ಟರೆ ನಾನು ಮೊದಲನೆಯದನ್ನೇ ಆರಿಸುತ್ತೇನೆ. ಎರಡೂ ಜೊತೆಗಿದ್ದರೆ ಮಾತ್ರ ಕ್ರೂಸ್‌ನ ನಿಜವಾದ ಸುಖ ಸಿಗುತ್ತದೆ: ಬೆರಳುಗಳನ್ನು ಬಿಚ್ಚಿ ಮಡಚಬಹುದು, ಭುಜ ಸಡಿಲಿಸಬಹುದು, ಕಣ್ಣು ಮೀಟರ್ ಬಿಟ್ಟು ರಸ್ತೆಯ ಮೇಲೆಯೇ ಇರುತ್ತದೆ.

ಗೆಳೆಯನ ಬೈಕಿನಲ್ಲೂ ಕ್ರೂಸ್ ಇತ್ತು. ಇಬ್ಬರೂ 100 ಕಿ.ಮೀ.ಗೆ ಹೊಂದಿಸಿಕೊಂಡರೆ ಅಂತರ ಹಾಗೆಯೇ ಉಳಿಯುತ್ತದೆ ಎಂದುಕೊಂಡಿದ್ದೆವು. ಉಳಿಯಲಿಲ್ಲ. ಅವನು ನಿಧಾನವಾಗಿ ನನ್ನ ಬೆನ್ನಿಗೆ ಬರುತ್ತಿದ್ದ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು, ಆದರೆ ಹೆಚ್ಚು ತೋರಿಸಬಹುದು. ಹಲವು ದೇಶಗಳು ಪಾಲಿಸುವ ವಿಶ್ವಸಂಸ್ಥೆಯ 39ನೇ ನಿಯಮದ ಪ್ರಕಾರ ನಿಜವಾದ ವೇಗದ ಹತ್ತನೇ ಒಂದು ಭಾಗ ಮತ್ತು ಅದರ ಮೇಲೆ 4 ಕಿ.ಮೀ.ವರೆಗೆ ಹೆಚ್ಚಿಗೆ ತೋರಿಸಲು ಅವಕಾಶವಿದೆ. ಒಬ್ಬನ 100 ಇನ್ನೊಬ್ಬನ 95 ಆಗಿರುವುದು ಹೀಗೆ. ಗುಂಪಿನಲ್ಲಿ ಹೋಗುವವರು ಅಂತರ ಕಾಯುವ ಕೆಲಸವನ್ನು ಹಿಂದಿನವನ ಕೈಗೆ ಬಿಡಿ: ಮುಂದಿರುವವನು ಕ್ರೂಸ್ ಹಾಕಲಿ, ಹಿಂದಿರುವವನು ಕೈಯಿಂದಲೇ ಓಡಿಸಲಿ.

ಗೆಳೆಯನ ಹಿಂದೆ ಕುಳಿತಿದ್ದ ಅವನ ಹೆಂಡತಿಗೆ ಕ್ರೂಸ್ ಎಂದರೆ ಮೊದಮೊದಲು ಸಿಟ್ಟು ಬರುತ್ತಿತ್ತು. ಇವನು ಬ್ರೇಕ್ ಮುಟ್ಟಿ ಕ್ರೂಸ್ ಬಿಡಿಸಿದಾಗಲೆಲ್ಲ ಆಕೆಯ ಹೆಲ್ಮೆಟ್ ಇವನ ಹೆಲ್ಮೆಟ್‌ಗೆ ಬಡಿಯುತ್ತಿತ್ತು. ಕ್ರೂಸ್ ಓಡುವಾಗ ಹಿಡಿ ಮುಚ್ಚಿದ ಸ್ಥಿತಿಯಲ್ಲಿರುತ್ತದೆ. ಬ್ರೇಕ್ ಅಥವಾ ಕ್ಲಚ್ ಮುಟ್ಟಿ ಬಿಡಿಸಿದ ಕ್ಷಣ ಎಂಜಿನ್ ಥಟ್ಟನೆ ಹಿಂದಕ್ಕೆ ಎಳೆಯುತ್ತದೆ. ರಸ್ತೆ ಖಾಲಿಯಿದ್ದಾಗ ಹೀಗೆ ಮಾಡಿ: ಮೊದಲು ಹಿಡಿಯನ್ನು ನಿಧಾನವಾಗಿ ತಿರುಗಿಸಿ ಅದೇ ವೇಗಕ್ಕೆ ತಂದುಕೊಳ್ಳಿ, ನಂತರ ಗುಂಡಿ ಒತ್ತಿ ಕ್ರೂಸ್ ಬಿಡಿಸಿ, ಆಮೇಲೆ ಮೆಲ್ಲಗೆ ಮುಚ್ಚಿ. ಎಳೆತ ಗೊತ್ತೇ ಆಗುವುದಿಲ್ಲ. ತುರ್ತಿನಲ್ಲಿ ಬ್ರೇಕೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಕ್ರೂಸ್ ಕಂಟ್ರೋಲ್ ಕಂಡುಹಿಡಿದ ರಾಲ್ಫ್ ಟೀಟರ್ ಎಂಬ ಅಂಧ ಎಂಜಿನಿಯರ್‌ಗೆ ಪ್ರೇರಣೆಯಾದದ್ದೇ ತಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಓಡಿಸುತ್ತಿದ್ದ ವಕೀಲರೊಬ್ಬರ ಜಗ್ಗಾಟ ಎಂದು ಹೇಳುತ್ತಾರೆ. 1958ರಲ್ಲಿ ಕ್ರೈಸ್ಲರ್ ಕಾರುಗಳಲ್ಲಿ ಅದು ಬಂತು. ಪಕ್ಕದಲ್ಲಿ ಕುಳಿತವರ ಹಿತಕ್ಕೆ ಹುಟ್ಟಿದ ಸಾಧನ ಹಿಂದೆ ಕುಳಿತವರನ್ನು ಗೋಳು ಹೊಯ್ದುಕೊಳ್ಳಬಾರದು.

ರೆಸ್ಯೂಮ್ ಗುಂಡಿಯ ಬಗ್ಗೆ ಒಂದು ಎಚ್ಚರಿಕೆ. ಅದು ಹಿಂದೆ ಹೊಂದಿಸಿದ ವೇಗಕ್ಕೆ ಗಾಡಿಯನ್ನು ತಾನಾಗಿ ಏರಿಸುತ್ತದೆ. ಹೆದ್ದಾರಿಯಿಂದ ಇಳಿದು ಸೇವಾ ರಸ್ತೆಯಲ್ಲಿರುವಾಗ ಬೆರಳು ತಾಗಿದರೆ 50ರಿಂದ 100ರ ಕಡೆಗೆ ಓಟ ಶುರು. ಹೆದ್ದಾರಿ ಬಿಟ್ಟ ತಕ್ಷಣ ಕ್ರೂಸ್‌ನ ಮುಖ್ಯ ಗುಂಡಿಯನ್ನೇ ಆಫ್ ಮಾಡಿಬಿಡಿ.

ಇಳಿಜಾರಿನಲ್ಲೂ ಇದನ್ನು ನಂಬಬೇಡಿ. ಸಾಧಾರಣ ಕ್ರೂಸ್ ಕಂಟ್ರೋಲ್ ಥ್ರಾಟಲ್ ಮುಚ್ಚಬಲ್ಲದು, ಬ್ರೇಕ್ ಹಾಕಲಾರದು. ದೊಡ್ಡ ಇಳಿಜಾರಿನಲ್ಲಿ ವೇಗ ಹೊಂದಿಸಿದ್ದನ್ನು ಮೀರಿ ಏರುತ್ತಲೇ ಹೋಗುತ್ತದೆ. ರಾಡಾರ್ ನೋಡಿ ಮುಂದಿನ ವಾಹನಕ್ಕೆ ತಕ್ಕಂತೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ 2020ರ ಅಂತ್ಯದಲ್ಲಿ ಪ್ರಕಟವಾದ ಡುಕಾಟಿ ಮಲ್ಟಿಸ್ಟ್ರಾಡಾ ವಿ4ರಂಥ ಕೆಲವು ಬೈಕ್‌ಗಳಲ್ಲಿದೆ. ನಮ್ಮಲ್ಲಿದ್ದದ್ದು ಅದಲ್ಲ, ಬಾಡಿಗೆಗೆ ಸಿಗುವುದೂ ಹೆಚ್ಚಾಗಿ ಅದಲ್ಲ.

ಮಳೆಯ ದಿನದ ಬಗ್ಗೆ ಹೇಳಲೇಬೇಕು, ಏಕೆಂದರೆ ಇಡೀ ಪ್ರವಾಸದಲ್ಲಿ ಎಲೆಕ್ಟ್ರಾನಿಕ್ಸ್ ತನ್ನ ಬೆಲೆ ತೋರಿಸಿದ್ದು ಅಂದೇ. ತಿರುವುಗಳ ಏರು ರಸ್ತೆ, ಮೇಲೆ ಜಿನುಗು ಮಳೆ, ಕೆಳಗೆ ಹಸಿ ಮಣ್ಣು. ರೇನ್ ಮೋಡ್ ಹಾಕಿದೆವು. ಇದು ಹೇಡಿಗಳ ಮೋಡ್ ಎಂದು ಮಾತನಾಡುವವರಿದ್ದಾರೆ, ಅವರ ಮಾತು ಕೇಳಬೇಡಿ. ಇಂಥ ಬೈಕ್‌ಗಳಲ್ಲಿ ಥ್ರಾಟಲ್ ಈಗ ಎಳೆಯುವ ತಂತಿಯಿಂದ ನಡೆಯುವುದಿಲ್ಲ. ಹಿಡಿಯಲ್ಲಿರುವ ಸೆನ್ಸರ್ ಕಂಪ್ಯೂಟರಿಗೆ ಸುದ್ದಿ ಕೊಡುತ್ತದೆ, ಪುಟ್ಟ ಮೋಟರ್ ಒಂದು ಎಂಜಿನ್‌ಗೆ ಗಾಳಿ ಬಿಡುವ ಕವಾಟವನ್ನು ತೆರೆಯುತ್ತದೆ. 2006ರ ಯಮಹಾ ಆರ್6 ಈ ದಾರಿ ತೋರಿಸಿತು. ಮರುವರ್ಷ ಸುಜುಕಿ ಜಿಎಸ್ಎಕ್ಸ್-ಆರ್1000ದಲ್ಲಿ ಸವಾರನೇ ಆರಿಸಬಹುದಾದ ಮೂರು ಶಕ್ತಿ ಹಂತಗಳು ಬಂದವು. ರೇನ್ ಮೋಡ್‌ನಲ್ಲಿ ಹಿಡಿಯನ್ನು ಅಷ್ಟೇ ತಿರುಗಿಸಿದರೂ ಕವಾಟ ಮೆಲ್ಲಗೆ ತೆರೆಯುತ್ತದೆ, ಹೆಚ್ಚಿನ ಬೈಕ್‌ಗಳಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಬೇಗ ಮಧ್ಯಪ್ರವೇಶಿಸುತ್ತದೆ. ಚಳಿಗೆ ಮರಗಟ್ಟಿದ ಕೈ ಅಳುಕಿದರೂ ಹಿಂದಿನ ಚಕ್ರ ಬೆಚ್ಚಲಿಲ್ಲ. ಟೈರಿನ ಹಿಡಿತ ಮಾತ್ರ ಯಾವ ಮೋಡ್‌ನಿಂದಲೂ ಹೆಚ್ಚುವುದಿಲ್ಲ, ಬ್ರೇಕ್ ಹಾಕಿದಾಗ ನಿಲ್ಲಲು ಬೇಕಾದ ದೂರವೂ ಕಡಿಮೆಯಾಗುವುದಿಲ್ಲ.

ಮೋಡ್ ಬದಲಿಸಲು ಮಳೆ ಜೋರಾಗುವವರೆಗೆ ಕಾಯಬೇಡಿ. ಹಲವು ಬೈಕ್‌ಗಳಲ್ಲಿ ಕ್ರೂಸ್ ಓಡುತ್ತಿರುವಾಗ ಮೋಡ್ ಬದಲಾಗುವುದಿಲ್ಲ, ಥ್ರಾಟಲ್ ಪೂರ್ತಿ ಮುಚ್ಚಿದಾಗ ಮಾತ್ರ ಹೊಸ ಮೋಡ್ ಒಪ್ಪಿಕೊಳ್ಳುತ್ತದೆ. ಒದ್ದೆ ಕೈಗವಸಿನಲ್ಲಿ, ತಿರುವಿನ ನಡುವೆ ಈ ಕಸರತ್ತು ಬೇಡ. ಒದ್ದೆ ರಸ್ತೆಯಲ್ಲಿ ಕ್ರೂಸ್ ಅಂತೂ ಬೇಡವೇ ಬೇಡ. ನೀರಿನ ಮೇಲೆ ಟೈರ್ ತೇಲಿದಾಗ ಕೈಗೆ ಮೊದಲು ಸಿಗಬೇಕಾದ ಸುಳಿವನ್ನು ಅದು ಕಸಿದುಕೊಳ್ಳುತ್ತದೆ.

ಸ್ಪೋರ್ಟ್ ಮೋಡ್ ಬಗ್ಗೆ ನನ್ನಲ್ಲಿ ಹೇಳುವುದು ಹೆಚ್ಚಿಲ್ಲ. ಒಣಗಿದ, ಖಾಲಿಯಾದ, ನೋಟ ಮುಂದಕ್ಕೆ ಚೆನ್ನಾಗಿ ಹಾಯುವ ತಿರುವುಗಳಲ್ಲಿ ಒಂದು ಬೆಳಗ್ಗೆ ಹಾಕಿದೆವು, ಅದ್ಭುತವಾಗಿತ್ತು. ಜನಸಂದಣಿಯಲ್ಲಿ ಅದು ಶಿಕ್ಷೆ. ಸಂದಣಿ ಕಂಡರೆ ನನಗೆ ಮೊದಲೇ ಆಗದು, ಹಾಗಾಗಿ ಪೇಟೆಗಳಲ್ಲೆಲ್ಲ ರೇನ್ ಮೋಡ್‌ನಲ್ಲೇ ಸಾಗಿದೆ. ಟ್ರ್ಯಾಕ್ ಮೋಡ್ ಹೆಸರಿನ ಆಯ್ಕೆ ಇದ್ದರೆ ಪ್ರವಾಸದಲ್ಲಿ ಮುಟ್ಟಲೇಬೇಡಿ. ಕೆಲವು ಬೈಕ್‌ಗಳಲ್ಲಿ ಅದು ಹಿಂದಿನ ಚಕ್ರದ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಅನ್ನೇ ನಿಲ್ಲಿಸುತ್ತದೆ.

ಕ್ರೂಸ್ ವೇಗ ಆರಿಸುವಾಗ ದುಂಡನೆಯ ಅಂಕಿ ನೋಡಬೇಡಿ, ಕಂಪನ ನೋಡಿ. ಪ್ರತಿ ಎಂಜಿನ್‌ಗೂ ಹಿಡಿಯಲ್ಲಿ ಜುಮ್ಮೆನಿಸುವ ಒಂದು ಆರ್‌ಪಿಎಂ ಇರುತ್ತದೆ, ಕೈಯಿಂದ ಓಡಿಸುವಾಗ ಅದನ್ನು ದಾಟಿ ಹೋಗುತ್ತೇವೆ. ಕ್ರೂಸ್ ಅಲ್ಲೇ ನಿಂತುಬಿಟ್ಟರೆ ಬೆರಳು ಜೋಮು ಹಿಡಿಯುತ್ತದೆ. ನಮ್ಮ ಗಾಡಿಯಲ್ಲಿ 5 ಕಿ.ಮೀ. ಇಳಿಸಿದ್ದೇ ಸಾಕಾಯಿತು. ರಾತ್ರಿಯಾದರೆ ಇನ್ನೂ ಇಳಿಸಿ: 100 ಕಿ.ಮೀ. ವೇಗದಲ್ಲಿ ಬೈಕ್ ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ, ಆ ವೇಗದಲ್ಲಿ ನಿಲ್ಲಲು ಬೇಕಾಗುವಷ್ಟು ದೂರವನ್ನು ಎದುರಿನ ವಾಹನಗಳಿಗಾಗಿ ತಗ್ಗಿಸಿದ ಹೆಡ್‌ಲೈಟ್ ಹೆಚ್ಚಾಗಿ ತೋರಿಸುವುದಿಲ್ಲ. ಬಲಗೈಯ ಎರಡು ಬೆರಳು ಬ್ರೇಕ್ ಲಿವರ್ ಮೇಲೆ ಇರಲಿ, ಕ್ರೂಸ್ ಓಡುತ್ತಿದ್ದರೂ.